ಇಂಜಿನ್ ಬಂದ್ ಆದ ಮೇಲೆ ಬನ್ನಿ

ನನ್ನ ಮೊಮ್ಮಗಳು ವಿಮಾನವನ್ನು ಬಾಲದ ಮೇಲೆ ನಿಲ್ಲಿಸುತ್ತಿದ್ದಳು! ಗಾಳಿಯಲ್ಲಿ, ಹಾಗೇ, ಮೂಗು ಮೇಲೆ ಮಾಡಿ. ಆಮೇಲೆ ಮಗುಚಿ, ಅಂಗಾತ ಹಾರಿಸುತ್ತಿದ್ದಳು. ಕೈಯಲ್ಲೊಂದು ಎರಡು ಕಡ್ಡಿಯ ರಿಮೋಟು, ಅಷ್ಟೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಹೈದರಾಬಾದಿಗೆ ಬಂದವನು ನಾನು. ಅದನ್ನು ನೋಡಿ ಎದೆ ಎಷ್ಟು ಉಬ್ಬುತ್ತಿತ್ತೆಂದು ಬರೆಯಲು ನನಗೆ ಬರುವ ಅಕ್ಷರ ಸಾಲದು.

ವಾರವೆಲ್ಲ ಅವಳಿಗೆ ಮಾದಾಪುರದಲ್ಲಿ ಕಂಪ್ಯೂಟರ್ ಕೆಲಸ. ಸಂಜೆ ಬಂದು ಬಾಲ್ಕನಿಯಲ್ಲಿ ಹಗುರ ಮರದ ಪಟ್ಟಿಗಳನ್ನು ಅಂಟಿಸುತ್ತ, ವರ್ಷವಿಡೀ ಕೂತು ಒಂದು ಹೊಸ ವಿಮಾನ ಕಟ್ಟಿದ್ದಳು. ರೆಕ್ಕೆ ಚಾಚಿದರೆ ನನ್ನೆತ್ತರ. ಮುಂದಿನ ತಿಂಗಳು ಅದನ್ನು ಇಂಥ ವಿಮಾನಗಳ ಪಂದ್ಯಕ್ಕೆ ಒಯ್ಯಬೇಕೆನ್ನುವುದೊಂದೇ ಅವಳ ಆಸೆ.

ಹಾರಿಸುತ್ತಿದ್ದದ್ದು ಊರಂಚಿನಲ್ಲಿ, ಉಪ್ಪಲ್ ಆಚೆ. ಮೊದಲು ಅಲ್ಲಿ ಯಾವ ಕಡೆ ತಿರುಗಿದರೂ ಬಯಲು. ಅಪಾರ್ಟ್‌ಮೆಂಟುಗಳು ಏಳುತ್ತ ಏಳುತ್ತ ಒಂದು ಪಟ್ಟಿ ನೆಲ ಮಾತ್ರ ಉಳಿದಿತ್ತು. ಒಂದು ಪಕ್ಕ ಅರ್ಧ ಕಟ್ಟಿದ ಕಂಬಗಳು, ಇನ್ನೊಂದು ಪಕ್ಕ ಕೂಲಿಯವರ ತಗಡಿನ ಶೆಡ್ಡುಗಳು. ಶೆಡ್ಡಿನವರೆಲ್ಲ ನಮ್ಮ ಕಡೆಯ ಜನ. ಜನರ ತಲೆಯ ಮೇಲೆ ಹಾರಿಸಬಾರದೆಂದು ಅವಳು ಶೆಡ್ಡುಗಳ ಮುಂದೆ ಸುಣ್ಣದ ಗೆರೆ ಎಳೆದು, ಎಲ್ಲರನ್ನೂ ಅದರ ಹಿಂದೆ ನಿಲ್ಲಿಸುತ್ತಿದ್ದಳು.

ಹೊಸ ವಿಮಾನ ತಂದ ಭಾನುವಾರ ಶೆಡ್ಡಿನ ಹೆಣ್ಣುಮಕ್ಕಳು ಆರತಿ ತಟ್ಟೆ, ನಿಂಬೆಹಣ್ಣು ಹಿಡಿದು ಬಂದಿದ್ದರು. ಹೊಸ ಗಾಡಿಗೆ ಪೂಜೆ ಮಾಡದೆ ಬಿಡುವ ಜನವೇ ನಾವು?

“ಯಜ್ಜಾ, ನಿನ್ನ ಮೊಮ್ಮಗಳು ಇದನ್ನ ಹಾರಸ್ತಾಳೋ, ಕುಣಸ್ತಾಳೋ?” ಎಂದಳು ಬಗಲಲ್ಲಿ ಕೂಸಿದ್ದವಳೊಬ್ಬಳು.

“ಎರಡೂ ಮಾಡ್ತಾಳ, ಬಾಯಿ ಮುಚ್ಚಿ ನೋಡು!” ಎಂದೆ.

ಮೊಮ್ಮಗಳು ನಕ್ಕಳು. “ಅಕ್ಕಾ, ಈಗ ಗೆರಿ ದಾಟಬ್ಯಾಡ್ರಿ. ಮುಂದಿನ ಪಂಖಾ ಬೆರಳ ಕತ್ತರಿಸ್ತೈತಿ. ಇಂಜಿನ್ ಬಂದ್ ಆದ ಮ್ಯಾಲೆ ಬಂದು ಪೂಜಾ ಮಾಡ್ರಿ.”

ವಿಮಾನ ಏರಿತು, ಮಗುಚಿತು, ಬಾಲದ ಮೇಲೆ ನಿಂತಿತು. ಮಕ್ಕಳು ಕೇಕೆ ಹಾಕಿದರು. ಅಷ್ಟರಲ್ಲಿ, ಇನ್ನೂ ಗಾಳಿಯಲ್ಲಿರುವಾಗಲೇ, ಇಂಜಿನ್ ನಿಂತುಹೋಯಿತು.

“ಬಂದ್ ಆತು, ನಡೀರೇ!” ಎಂದಳು ಕೂಸಿನವಳು.

ತಟ್ಟೆ ಹಿಡಿದು, ಮಕ್ಕಳ ಸಮೇತ, ಗೆರೆ ದಾಟಿ ನಡೆದೇಬಿಟ್ಟರು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಕೇಳಿದ್ದರು, ಪಾಪ. ವಿಮಾನ ಸದ್ದಿಲ್ಲದೆ ಅದೇ ಪಟ್ಟಿಗೆ ಇಳಿಯುತ್ತಿತ್ತು. ತಮ್ಮತ್ತಲೇ ಬರುವುದನ್ನು ಕಂಡು, ಪೂಜೆಗೇ ಬರುತ್ತಿದೆ ಎಂದುಕೊಂಡು ಇನ್ನೂ ಬೇಗ ಬೇಗ ಹೆಜ್ಜೆ ಹಾಕಿದರು.

“ಹಿಂದ ಸರೀರಿ! ಹಿಂದ!” ಎಂದು ಕೂಗಿದೆ. ಮಕ್ಕಳ ಕೇಕೆಯಲ್ಲಿ ಯಾರಿಗೆ ಕೇಳಿಸಬೇಕು?

ಬಯಲಿದ್ದರೆ ಪಕ್ಕಕ್ಕೆ ಮೆಲ್ಲಗೆ ಇಳಿಸುತ್ತಿದ್ದಳು. ಬಯಲೆಲ್ಲಿತ್ತು? ಮೊಮ್ಮಗಳು ರಿಮೋಟಿನ ಕಡ್ಡಿಯನ್ನು ಒಂದು ಬದಿಗೆ ಒತ್ತಿ ಹಿಡಿದಳು. ವಿಮಾನ ಹೊರಳಿ, ಯಾರೂ ಇಲ್ಲದ ಕಂಬಗಳತ್ತ ಹೋಗಿ, ಕಬ್ಬಿಣದ ಸರಳುಗಳ ಮೇಲೆ ಬಿತ್ತು. ಹಪ್ಪಳ ಮುರಿದಷ್ಟೇ ಸದ್ದು.

ಕೂಸಿನವಳು ನಿಂತಲ್ಲೇ ಅಳತೊಡಗಿದಳು. “ನಮ್ಮಿಂದ ಆತೇನವ್ವಾ?”

“ಇಲ್ಲಕ್ಕಾ. ಇಲ್ಲಿ ಜಾಗಾನೇ ಸಾಲಂಗಿಲ್ಲ. ಇನ್ನ ಇಲ್ಲಿ ಹಾರಸೂದು ಮುಗೀತು,” ಎಂದು ಮೊಮ್ಮಗಳು ಕೂಸಿನ ತಲೆ ಸವರಿದಳು.

ಎಂಥ ಹುಡುಗಿ ನನ್ನವಳು! ಎತ್ತಿಕೊಂಡು ಕುಣಿಯಬೇಕೆನ್ನಿಸಿತು. ಕುಣಿಯುವ ಬದಲು ಸರಳುಗಳ ನಡುವೆ ಬಿದ್ದ ಚೂರುಗಳನ್ನು ಆರಿಸತೊಡಗಿದೆ.

ಮರಳುವಾಗ ಮುರಿದ ರೆಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತೆ.

“ಯಜ್ಜಾ, ಅಳಾಕತ್ತೀಯೇನು?”

“ಇಲ್ಲವ್ವಾ. ನೀ ಗಾಡಿ ಹೊಡಿ.”

ಸ್ವಲ್ಪ ದೂರ ಹೋಗಿ ಅವಳೇ ಕಾರನ್ನು ಬದಿಗೆ ನಿಲ್ಲಿಸಿದಳು. ರಸ್ತೆ ಕಾಣುತ್ತಿಲ್ಲ ಎಂದಳು.