ಮೇಷ್ಟ್ರಿಗೆ ಮಾರಿದ ಮೂರು ಕೇಬಲ್

ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ನಡುಮಧ್ಯಕ್ಕೆ ಸೀಳಿಕೊಂಡಿತ್ತು. ಆ ಸೀಳಿಗೆ ವೈರಿನ ತುದಿ ಸಿಕ್ಕಿಸಿ ಒಮ್ಮೆ ಎಳೆದರೆ ಪ್ಲಾಸ್ಟಿಕ್ಕಿನ ಸಿಪ್ಪೆ ಕಳಚಿ ತಾಮ್ರ ಹೊಳೆಯುತ್ತಿತ್ತು. ಬನಶಂಕರಿಯ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಅವರು ಇದನ್ನೊಂದು ವಿದ್ಯೆ ಎಂದುಕೊಂಡಿರಲಿಲ್ಲ. ನಮಗೆ ಮಾತ್ರ ಅದಕ್ಕಿಂತ ದೊಡ್ಡ ವಿದ್ಯೆ ಇನ್ನೊಂದಿರಲಿಲ್ಲ.

ಯಾವುದನ್ನೂ ಮುಂದಿನಿಂದ ನೋಡುವ ಅಭ್ಯಾಸ ಅವರಿಗಿರಲಿಲ್ಲ. ರೇಡಿಯೊ, ಗಡಿಯಾರ, ಮಿಕ್ಸಿ, ಏನೇ ಕೈಗೆ ಬಂದರೂ ಮೊದಲು ತಿರುಗಿಸಿ ಬೆನ್ನು ನೋಡಬೇಕು. “ಲೋಕವೆಲ್ಲ ಮುಖ ನೋಡಿ ಮಣೆ ಹಾಕುತ್ತೆ. ನೀವು ಬೆನ್ನು ನೋಡಿ ಹಾಕ್ರೋ” ಎನ್ನುತ್ತಿದ್ದರು. ನಾನು ಆರಕ್ಕೇರದ, ಮೂರಕ್ಕಿಳಿಯದ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ಬೆಳಕಿನ ಪಾಠ ತಲೆಗೆ ಹತ್ತದಿದ್ದಾಗ ಭಾನುವಾರಗಳಂದು ಚಿಕ್ಕಲಸಂದ್ರದ ಮನೆಗೆ ಕರೆಸಿಕೊಂಡು ಹೇಳಿಕೊಟ್ಟರು. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮ ಎಂದೇ ಕರೆಯುತ್ತಿದ್ದೆವು. ಅವರು ಕಿಟಕಿಯ ಪಕ್ಕ ಕೂತು ದಿಂಬಿನ ಕವರಿಗೆ ಕಸೂತಿ ಹಾಕುತ್ತ, ನಾನು ತಪ್ಪು ಉತ್ತರ ಕೊಟ್ಟಾಗಲೆಲ್ಲ ತಲೆಯೆತ್ತದೆ ನಗುತ್ತಿದ್ದರು. ಅಂತೂ ಪಾಸಾದೆ. ಆ ಪಾಸಿನ ಬಲದಿಂದಲೇ ಮುಂದೆ ಜಯನಗರದ ಒಂದು ಟಿವಿ ಷೋರೂಮಿನಲ್ಲಿ ಟೈ ಕಟ್ಟಿಕೊಂಡು ನಿಲ್ಲುವ ಕೆಲಸ ಸಿಕ್ಕಿತು.

ಚಪ್ಪಟೆ ಟಿವಿಗಳು ಆಗಷ್ಟೇ ಬರತೊಡಗಿದ್ದ ವರ್ಷಗಳು. ನಿವೃತ್ತರಾಗಿದ್ದ ಮೇಷ್ಟ್ರು ಒಂದು ಮಧ್ಯಾಹ್ನ ನಮ್ಮ ಷೋರೂಮಿಗೆ ಬಂದರು. ಸಕ್ಕರೆ ಕಾಯಿಲೆಯಿಂದ ಅಮ್ಮನ ಕಣ್ಣು ಮಂಜಾಗುತ್ತ ಬಂದಿತ್ತು. ಸೂಜಿಗೆ ದಾರ ಪೋಣಿಸಲಾಗದೆ ಕಸೂತಿಯನ್ನು ಬಿಟ್ಟಿದ್ದರು. ಇರುವ ದೃಷ್ಟಿ ಇನ್ನು ಕೆಲವೇ ವರ್ಷ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

“ಹೊಸ ಥರದ ಡಿಸ್ಕ್ ಬರುತ್ತಂತೆ ಕಣೋ. ಹಕ್ಕಿ ಪುಕ್ಕ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಂತೆ. ಇವಳಿಗೆ ಕಣ್ಣಿರೋವಾಗ್ಲೇ ತೋರಿಸ್ಬಿಡಬೇಕು” ಎಂದರು.

ಅದರ ಹಿಂದಿನ ವಾರವಷ್ಟೇ ನಮಗೆಲ್ಲ ತರಬೇತಿ ನಡೆದಿತ್ತು. ಮುಂದೆ ಬರುವ ಡಿಸ್ಕುಗಳಿಗೆ ಕಾಪಿ ಮಾಡದಂತೆ ಬೀಗ ಹಾಕಿರುತ್ತಾರೆ, ಆ ಬೀಗಕ್ಕೆ ಉತ್ತರ ಕೊಡಲಾರದ ಟಿವಿಗೆ ಪ್ಲೇಯರು ಒಳ್ಳೆಯ ಚಿತ್ರ ಕಳಿಸುವುದೇ ಇಲ್ಲ, ನಮ್ಮಲ್ಲಿರುವ ಹಳೆಯ ಮಾಡೆಲ್ಲುಗಳು ಅಂಥವೇ, ಬೇಗ ಖಾಲಿ ಮಾಡಿ ಎಂದು ಹೇಳಿ ಸಮೋಸ ಕೊಟ್ಟು ಕಳಿಸಿದ್ದರು. ಗಿರಾಕಿ ಕೇಳದಿದ್ದರೆ ಹೇಳಬೇಡಿ ಎಂಬ ಉಪದೇಶವೂ ಇತ್ತು. ಆದರೆ ಮೇಷ್ಟ್ರು ಕೇಳಿದರು. ಟಿವಿಯ ಮುಖವನ್ನು ಗೋಡೆಗೆ ತಿರುಗಿಸಿ, ಬೆನ್ನಿನ ಒಂದೊಂದು ತೂತಿಗೂ ಬೆರಳಿಟ್ಟು ಕೇಳಿದರು.

“ಈ ಅಗಲದ ಸಾಕೆಟ್ಟು ಹೊಸ ಡಿಸ್ಕಿಗೂ ಆಗುತ್ತೇನೋ?”

“ಆಗುತ್ತೆ ಸಾರ್. ಕೇಬಲ್ ಒಂದು ಸರಿಯಾಗಿದ್ರೆ ಸಾಕು.”

“ನೀನು ಹೇಳಿದ್ಮೇಲೆ ಆಯ್ತು ಬಿಡು.”

ನನ್ನ ಆ ತಿಂಗಳ ಟಾರ್ಗೆಟ್ಟಿಗೆ ಒಂದು ಟಿವಿ ಕಮ್ಮಿ ಬಿದ್ದಿತ್ತು. ಇಷ್ಟೇ ಕಾರಣ. ತಾಯಿಗೆ ಕಾಯಿಲೆಯಿತ್ತು, ತಂಗಿಯ ಮದುವೆಯಿತ್ತು ಎಂದೆಲ್ಲ ಬರೆದರೆ ಓದುವವರು ಕನಿಕರ ಪಟ್ಟಾರು. ಅಂಥದ್ದೇನೂ ಇರಲಿಲ್ಲ.

ಎರಡು ವರ್ಷ ಕಳೆದು ಹೊಸ ಪ್ಲೇಯರುಗಳು ಬಂದವು. ಮೇಷ್ಟ್ರು ಪ್ಲೇಯರನ್ನೂ ಕಾಡುಹಕ್ಕಿಗಳ ಒಂದು ಡಿಸ್ಕನ್ನೂ ನಮ್ಮಲ್ಲೇ ಕೊಂಡರು. ಮರುದಿನವೇ ವಾಪಸ್ಸು ಬಂದರು. “ಪರದೆ ಕಪ್ಪಗೇ ಇರುತ್ತೆ ಕಣೋ. ಡಿವಿಡಿಗೆ ಹಾಕ್ತಿದ್ದ ಹಳದಿ ವೈರ್ ಹಾಕಿದ್ರೆ ಚಿತ್ರ ಬರುತ್ತೆ, ಆದ್ರೆ ಹಳೇ ಟಿವಿ ಥರಾನೇ ಮಸುಕು. ಇವಳಿಗೆ ಹಕ್ಕಿ ಯಾವುದು, ಎಲೆ ಯಾವುದು ತಿಳಿಯಲ್ಲ.” ಆಗಲಾದರೂ ಬಾಯಿ ಬಿಡಬಹುದಿತ್ತು. “ಕೇಬಲ್ ದೋಷ ಸಾರ್” ಎಂದು ಇನ್ನೊಂದು ಕೇಬಲ್ ಕೊಟ್ಟೆ. ಅದೂ ಆಗಲಿಲ್ಲ. ಚಿನ್ನದ ಲೇಪದ್ದು ಕೊಟ್ಟೆ. ಆಮೇಲೆ ಅದಕ್ಕಿಂತ ದಪ್ಪದ್ದು. ಯಾವ ಕೇಬಲ್ಲಿಗೂ ಆ ಬೀಗ ತೆರೆಯುವುದಿಲ್ಲ ಎಂದು ಗೊತ್ತಿದ್ದೂ ಮೂರು ಮಾರಿದೆ. ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ನೀರು ಕುಡಿದಷ್ಟು ಸುಲಭ.

ಕೆಲವು ವಾರಗಳಾದ ಮೇಲೆ ಫೋನು ಮಾಡಿ, “ಭಾನುವಾರ ಬಾರೋ, ಒಂದು ಪಾಠ ಇದೆ” ಎಂದರು. ಹೋದೆ. ಅಮ್ಮ ಅದೇ ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದರು. ಮೇಷ್ಟ್ರು ಒಂದು ಹಾಳೆಯ ಮೇಲೆ ಎರಡು ಪೆಟ್ಟಿಗೆ ಬರೆದು ನಡುವೆ ಗೆರೆ ಎಳೆದರು.

“ಇದು ಪ್ಲೇಯರ್, ಇದು ಟಿವಿ. ಚಿತ್ರ ಕಳಿಸೋಕೆ ಮುಂಚೆ ಪ್ಲೇಯರ್ ಟಿವೀನ ಕೇಳುತ್ತೆ, ‘ನಿನ್ನ ಹತ್ರ ಕೀ ಇದೆಯಾ’ ಅಂತ. ಇದ್ರೆ ಕಳಿಸುತ್ತೆ. ಇಲ್ಲಾಂದ್ರೆ, ಇವನು ಕಾಪಿ ಮಾಡ್ಕೊಳ್ಳೋ ಕಳ್ಳ ಅಂತ ಬಾಗಿಲು ಹಾಕ್ಕೊಳ್ಳುತ್ತೆ. ಫುಟ್‌ಪಾತ್‌ನಲ್ಲಿ ಸಿಗೋ ಕಳ್ಳ ಡಿಸ್ಕು ಯಾವ ಟಿವೀಲಾದ್ರೂ ಓಡುತ್ತೆ. ದುಡ್ಡು ಕೊಟ್ಟು ತಂದೋನಿಗೆ ಮಾತ್ರ ಕತ್ತಲೆ. ಅಂದ್ರೆ ಕೇಬಲ್ ತಪ್ಪಲ್ಲ. ಅರ್ಥ ಆಯ್ತಾ?”

“ಆಯ್ತು ಸಾರ್.”

“ಇನ್ನೇನಾದ್ರೂ ಹೇಳೋದಿದೆಯೇನೋ?”

“ಇಲ್ಲ ಸಾರ್.”

ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಅಂಗಳದಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

“ಯೋಚ್ನೆ ಮಾಡು.”

“ಏನೂ ಇಲ್ಲ ಸಾರ್.”

“ಪಾಪ, ನಿಂಗೆ ತಾನೇ ಹೇಗೆ ಗೊತ್ತಿರುತ್ತೆ” ಎಂದು ಹಾಳೆ ಮಡಿಸಿಟ್ಟರು. ಬದುಕಿದೆಯಾ ಬಡಜೀವವೇ ಎಂದು ಎದ್ದು ಬಂದೆ. ಮೇಷ್ಟ್ರು ಎಷ್ಟು ಮುಗ್ಧರು ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಎನಿಸುತ್ತದೆ.

ಇನ್ನೊಂದು ಟಿವಿ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ಅಮ್ಮನಿಗೆ ಹಗಲು ಯಾವುದು, ಕತ್ತಲೆ ಯಾವುದು ಎಂಬಷ್ಟು ಮಾತ್ರ ತಿಳಿಯುತ್ತಿತ್ತು. ಆ ಡಿಸ್ಕಿನ ಹಕ್ಕಿಗಳ ಪುಕ್ಕವನ್ನು ಅವರು ನೋಡಲೇ ಇಲ್ಲ. ಅದಾದ ಕೆಲವೇ ತಿಂಗಳಲ್ಲಿ ಮೇಷ್ಟ್ರ ಹೃದಯ ನಿಂತಿತು. ಮಣ್ಣಿಗೆ ಹೋಗುವ ಧೈರ್ಯವಾಗಲಿಲ್ಲ. ತಿಥಿಯೆಲ್ಲ ಮುಗಿದ ಮೇಲೆ ಹೋದೆ.

ಅಮ್ಮ ದನಿಯಿಂದಲೇ ಗುರುತು ಹಿಡಿದರು. ಆಮೇಲೆ ಹೇಳಿದರು: “ಅವತ್ತು ಪಾಠ ಇದೆ ಅಂತ ಕರೆಸಿದ್ರಲ್ಲ, ಅವರಿಗೆ ಮೊದಲೇ ಗೊತ್ತಿತ್ತು ಕಣಪ್ಪ. ಬೇರೆ ಅಂಗಡೀಲಿ ವಿಚಾರಿಸಿದ್ರಂತೆ. ಟಿವಿ ಮಾರೋರಿಗೆಲ್ಲ ಕಂಪ್ನಿಯೋರು ಇದನ್ನ ಆಗಲೇ ತಿಳಿಸಿದ್ರು ಅಂತ ಅಂಗಡಿಯೋರು ಅಂದ್ರಂತೆ. ‘ನಮ್ಮ ಹುಡುಗ, ಅವನಾಗೇ ಹೇಳ್ತಾನೆ ನೋಡ್ತಿರು’ ಅಂದ್ರು ನನ್ನ ಹತ್ರ. ನೀನು ಹೋದ್ಮೇಲೆ ಊಟ ಬೇಡ ಅಂದ್ಬಿಟ್ರು.”

ಮೇಷ್ಟ್ರ ಕುರ್ಚಿಯ ಮೇಲೆ ಯಾರೋ ಮಡಿಸಿದ ಬಟ್ಟೆಗಳನ್ನು ಇಟ್ಟಿದ್ದರು. ನಾನು ಅದನ್ನೇ ನೋಡುತ್ತ ನಿಂತಿದ್ದೆ.

“ಅಮ್ಮ, ನಂಗೆ ಗೊತ್ತಿತ್ತು” ಎಂದೆ.

“ನಂಗೆ ಹೇಳಿ ಏನಪ್ಪ ಪ್ರಯೋಜನ? ಅವರಿಗೆ ಹೇಳ್ಬೇಕಿತ್ತು.”

ಗೋಡೆ ಸವರಿಕೊಂಡು ಅವರು ಒಳಗೆ ಹೋದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮನೆಯಲ್ಲಿ ನನಗೆ ಯಾರೂ ಕಾಫಿ ಕುಡಿದು ಹೋಗು ಎನ್ನಲಿಲ್ಲ.