ಗಜೇಂದ್ರಗಡದ ರಿಂಗು

ರೋಣದಲ್ಲಿ ನಮ್ಮ ಓಣಿಯ ವಾಚನಾಲಯದ ನಡಾವಳಿ ಪುಸ್ತಕದಲ್ಲಿ ಒಂದು ಸುಳ್ಳು ವಾಕ್ಯವಿದೆ. "ಗಜೇಂದ್ರಗಡದಲ್ಲಿ ಮಾಡಿಸಿದ ರಿಂಗುಗಳು ಕಳಪೆಯಾಗಿದ್ದುದರಿಂದ ಸಮಾರಂಭದ ದಿನ ಎಂಜಿನ್ ನಡೆಯಲಿಲ್ಲ" ಎಂಬುದು ಆ ವಾಕ್ಯ. ಬರೆದವರಿಗೆ ಎಂಟು ದಿನಗಳೊಳಗೆ ಅದು ಸುಳ್ಳೆಂದು ತಿಳಿಯಿತು. ತಿಳಿದ ಮೇಲೂ ಅವರು ಅದನ್ನು ತಿದ್ದಲಿಲ್ಲ. ಆ ಒಂದು ವಾಕ್ಯದಿಂದ, ನಾನು ಕಂಡವರಲ್ಲೆಲ್ಲ ಅತ್ಯಂತ ನಿಷ್ಠರಾದ ಕೆಲಸಗಾರರೊಬ್ಬರ ಹೆಸರು ಕೆಟ್ಟಿತು. ಅವರು ಆ ಕೆಟ್ಟ ಹೆಸರನ್ನು ಹೊತ್ತುಕೊಂಡೇ ತೀರಿಕೊಂಡರು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನನ್ನ ಪಾಲಿನ ತಪ್ಪನ್ನೂ ಬಿಡುವುದಿಲ್ಲ.

ನಾನು ಆಗ ನರಗುಂದದಲ್ಲಿ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಫಿಟ್ಟರ್ ಆಗಿದ್ದೆ. ಮನೆ ರೋಣದಲ್ಲಿ. ಮಳೆಗಾಲದಲ್ಲಿ ಜಿನ್ನು ಮುಚ್ಚುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ನಾನು ಮನೆಯಲ್ಲಿಯೇ ಇರುತ್ತಿದ್ದೆ. ನಾವಿನ್ನೂ ಮುಂಬಯಿ ಪ್ರಾಂತದಲ್ಲಿದ್ದ ಕಾಲವದು. ಕನ್ನಡದ ಸೀಮೆಗಳೆಲ್ಲ ಒಂದಾಗುವ ಸುದ್ದಿ ಇಂದು ಬಂದೀತು, ನಾಳೆ ಬಂದೀತು ಎಂದು ಜನ ವಾಚನಾಲಯದ ರೇಡಿಯೊದ ಮುಂದೆ ಕೂಡುತ್ತಿದ್ದರು. ರೇಡಿಯೊ ನಡೆಯುತ್ತಿದ್ದುದು ಬ್ಯಾಟರಿಯ ಮೇಲೆ. ಬ್ಯಾಟರಿ ಇಳಿದರೆ ಬಸ್ಸಿನ ಮೇಲೆ ಹೇರಿ ಗದಗಕ್ಕೆ ಕಳಿಸಬೇಕು. ತುಂಬಿ ಬರಲು ವಾರ ಹಿಡಿಯುತ್ತಿತ್ತು. ಆ ವಾರವೆಲ್ಲ ರೇಡಿಯೊ ಮೂಕವಾಗಿ ಕೂತಿರುತ್ತಿತ್ತು.

ವಾಚನಾಲಯದ ಅಧ್ಯಕ್ಷರು ಹತ್ತಿಯ ವ್ಯಾಪಾರಿಗಳು, ದೈವಭಕ್ತರಾದ ಹಿರಿಯರು. ಕಾರ್ಯದರ್ಶಿಗಳು ಸಾಲಿ ಮಾಸ್ತರರು. ಅವರ ಅಕ್ಷರ ಅಚ್ಚು ಹೊಡೆದಂತೆ ಇರುತ್ತಿತ್ತು. ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅಧ್ಯಕ್ಷರು, ರೇಡಿಯೊಕ್ಕೆ ಉಪಯೋಗವಾದೀತೆಂಬ ಆಸೆಯಿಂದ, ನರಗುಂದದ ಗುಜರಿಯಿಂದ ಒಂದು ಸಣ್ಣ ಎಂಜಿನ್ ತಂದರು. ಎರಡು ಕೊಡ ಒತ್ತಟ್ಟಿಗೆ ಇಟ್ಟಷ್ಟು ಗಾತ್ರ. ಯುದ್ಧ ಮುಗಿದ ಮೇಲೆ ಸರಕಾರ ಹರಾಜು ಹಾಕಿದ ಸಾಮಾನುಗಳಲ್ಲಿ ಅದು ಬಂದಿತ್ತಂತೆ. ಒಂದು ತಲೆಗೆ ಎಂಜಿನ್, ಇನ್ನೊಂದು ತಲೆಗೆ ಒಳಗೇನಿದೆಯೆಂದು ಕಾಣದ ತಗಡಿನ ಡಬ್ಬಿ. ಮಾರಿದವನು "ಅಮೇರಿಕದ್ದು, ರಿಪೇರಿಗೆ ಕೈ ಹಚ್ಚೂ ಹಂಗಿಲ್ಲ" ಎಂದು ಹೇಳಿ ಕಳಿಸಿದ್ದ. ಅದು ತಿರುಗುತ್ತಲೇ ಇರಲಿಲ್ಲ.

"ಇದು ನೀರೆತ್ತೂ ಪಂಪಿಂದು," ಎಂದರು ಕಾರ್ಯದರ್ಶಿಗಳು. "ಮಿಸ್ತ್ರಿ, ನಿನ್ನ ಕಡಿಂದ ಆಗತೈತೇನು, ಇಲ್ಲಾ ತಿರುಗಿ ಗುಜರಿಗೆ ಕಳಸೋಣೇನು?"

"ಮೊದಲ ಇದು ಏನಂತ ತಿಳೀಲ್ರಿ, ಆಮ್ಯಾಲೆ ಹೇಳತೀನಿ," ಎಂದೆ.

ನಮ್ಮ ಪಡಸಾಲಿಯಲ್ಲಿ ಗೋಣಿ ಹಾಸಿ ಅದನ್ನಿಟ್ಟುಕೊಂಡೆ. ಹೆಸರಿನ ಪಟ್ಟಿ ಯಾರೋ ಕಿತ್ತಿದ್ದರು. ಅದು ಕೂತಿದ್ದ ಜಾಗದಲ್ಲಿ ಸ್ಕ್ರೂಗಳ ತೂತುಗಳಷ್ಟೇ ಉಳಿದಿದ್ದವು. ಚಿಮಣಿ ಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಮೇಲಿನ ಹಸಿರು ಬಣ್ಣವನ್ನು ತಿಕ್ಕಿದೆ. ಹಸಿರಿನ ಕೆಳಗೆ ಉಸುಕಿನ ಬಣ್ಣ, ಅದರ ಕೆಳಗೆ ಕಪ್ಪಿಗೆ ಹತ್ತಿದ ಹಳೆಯ ಹಸಿರು. ಕೊನೆಯ ಪದರವನ್ನು ತೆಗೆದಾಗ, ಬುಡದ ಬೀಡುಕಬ್ಬಿಣದ ಮೇಲೆ ಮೂರು ಸಣ್ಣ ಗೆರೆಗಳು ಕಂಡವು. ಮೂರೂ ಒಂದೇ ತುದಿಗೆ ಕೂಡಿ, ಮೇಲ್ಮುಖವಾದ ಬಾಣದಂತಿದ್ದವು. ಆಮೇಲೆ ಜಿನ್ನಿನಲ್ಲಿ ನಾನು ಬಳಸುತ್ತಿದ್ದ ಪಾನಾಗಳನ್ನು ಅದರ ನಟ್ಟುಗಳಿಗೆ ಹಾಕಿ ನೋಡಿದೆ. ಆ ಪಾನಾಗಳು ವಿಲಾಯಿತಿ, ಅಂದರೆ ಇಂಗ್ಲೆಂಡಿನ, ಅಳತೆಯವು. ಅಮೇರಿಕದ ಲಾರಿಗಳ ನಟ್ಟಿಗೆ ಅವು ಕೂಡುವುದಿಲ್ಲವೆಂದು ಜಿನ್ನಿನ ಲಾರಿಯ ಮೇಲೆ ಕೈ ಸುಲಿದುಕೊಂಡು ಕಲಿತಿದ್ದೆ. ಇಲ್ಲಿ ಒಂದೊಂದೂ ಬಿಗಿಯಾಗಿ ಕೂತವು. ಮಾರಿದವನ ಮಾತು ಅಲ್ಲಿಗೆ ಸುಳ್ಳಾಯಿತು. ಆದರೆ ಎಂಜಿನ್ ಯಾವುದಕ್ಕಾಗಿ ಎಂಬುದು ಉಳಿಯಿತು.

ಅದನ್ನು ಹೇಳಿದವರು ಸವಡಿ ಊರಿನವರೊಬ್ಬರು, ಯುದ್ಧದಲ್ಲಿ ದಂಡಿನಲ್ಲಿದ್ದು ಬಂದವರು. ಎಲ್ಲರೂ ಅವರನ್ನು ದಂಡಿನ ಕಾಕಾ ಎನ್ನುತ್ತಿದ್ದರು. ಸಂತೆಗೆ ಬಂದವರನ್ನು ಕರೆತಂದು ತೋರಿಸಿದೆ. ಅವರು ಬಾಣದ ಮೇಲೆ ಹೆಬ್ಬೆರಳಾಡಿಸಿದರು.

"ಇದು ಸರಕಾರದ ಗುರುತು, ತಮ್ಮಾ. ನಮ್ಮ ತಾಟು, ನಮ್ಮ ಕೊಡಲಿ, ನಮ್ಮ ಬೂಟು, ಎಲ್ಲಾದಕ್ಕೂ ಇತ್ತು. ನನ್ನ ಬೆನ್ನಿಗೆ ಒತ್ತಲಿಲ್ಲ, ಅಷ್ಟ."

"ಪಂಪಿಂದೇನ್ರಿ ಕಾಕಾ?"

"ಪಂಪಿಗೆ ಇಷ್ಟು ಸಣ್ಣದು ಯಾಕ ಸಾಲತೈತಿ? ಇದು ವಾಯರ್‌ಲೆಸ್ಸಿನ ಬ್ಯಾಟರಿ ತುಂಬೂದು. ಬುಡಕ ನಾಕು ತೂತು ಅದಾವ ನೋಡು. ಅಲ್ಲಿ ಕಬ್ಬಣದ ಚೌಕಟ್ಟಿತ್ತು, ಎರಡೂ ಕಡೆ ಹಿಡಿಕಿ. ಇಬ್ಬರು ಹೊರತಿದ್ವಿ. ಮುಂದಿನವ ಬೈತಿದ್ದ, ಹಿಂದಿನವ ಕೇಳತಿದ್ದ."

"ನೀವು ಎಲ್ಲಿರತಿದ್ರಿ?"

"ಹಿಂದ."

ಆಮೇಲೆ ಅವರು ಉಸುಕಿನ ಬಣ್ಣ ಉಳಿದಿದ್ದ ಕಡೆ ನೋಡಿದರು. "ಉಸುಕಿನ ನಾಡಿನ ಲಡಾಯಿಗಂತ ಈ ಬಣ್ಣ ಹಚ್ಚಿದ ಮ್ಯಾಲೆ ನಮ್ಮ ಕಡೀ ಮಂದಿ ಭಾಳ ಹೋದ್ರು," ಎಂದು ಹೇಳಿ ಎದ್ದು ಹೋದರು. ಚಹಾ ಕುಡಿಯಲಿಲ್ಲ.

ಬ್ಯಾಟರಿ ತುಂಬುವ ಎಂಜಿನ್ ಎಂದರೆ ವಾಚನಾಲಯಕ್ಕೆ ಬೇಕಾದದ್ದೇ. ನಾನು ಪೂರ್ತಿ ಬಿಚ್ಚಿದೆ. ಕಾರ್ಬೊರೇಟರಿನಲ್ಲಿ ಹಳೆಯ ಪೆಟ್ರೋಲು ಅಂಟಾಗಿ ಕೂತಿತ್ತು. ಡಬ್ಬಿಯೊಳಗಿನ ಡೈನಮೋದಲ್ಲಿ ಇಲಿಯ ಗೂಡಿತ್ತು. ಅವೆಲ್ಲ ಕೈಯಲ್ಲಿ ಆಗುವ ಕೆಲಸ. ಆಗದಿದ್ದುದು ಒಂದೇ: ಪಿಸ್ಟನ್ನಿನ ಸುತ್ತ ಗಾಳಿ ಸೋರದಂತೆ ತಡೆಯುವ ಎರಡು ರಿಂಗುಗಳು ತುಂಡಾಗಿದ್ದವು. ಹುಬ್ಬಳ್ಳಿಯ ವ್ಯಾಪಾರಿಗಳಿಗೆ ಕಾಗದ ಬರೆದೆ. ಯಾವ ಕಂಪನಿಯ ಎಂಜಿನ್ನೆಂದು ತಿಳಿಸಿರಿ ಎಂದು ಮರುಟಪಾಲು ಬಂತು. ಪಟ್ಟಿ ಕಿತ್ತವರು ಅದನ್ನೂ ಕಿತ್ತೊಯ್ದಿದ್ದರು.

ಹಾಗಾಗಿ ಸಿಲಿಂಡರನ್ನೂ ತುಂಡಾದ ರಿಂಗುಗಳನ್ನೂ ಕಟ್ಟಿಕೊಂಡು ಗಜೇಂದ್ರಗಡಕ್ಕೆ ಹೋದೆ. ಅಲ್ಲಿ ಬಸ್ಸು ನಿಲ್ಲುವ ಜಾಗದೆದುರು ಒಬ್ಬ ಉಸ್ತಾದರ ಅಂಗಡಿಯಿತ್ತು. ವಯಸ್ಸಾದ ಮುಸಲ್ಮಾನರು, ತೆಳ್ಳನೆಯ ಮೈ, ಕಾಲಿನಿಂದ ತುಳಿದು ನಡೆಸುವ ಒಂದು ಲೇತ್. ಕುಡಗೋಲಿನಿಂದ ಹಿಡಿದು ಕೊಣ್ಣೂರಿನ ಹೊಳೆದಂಡೆಯ ಪಂಪುಗಳ ಬಿಡಿಭಾಗದವರೆಗೆ ಎಲ್ಲ ಅವರಲ್ಲಿಗೆ ಬರುತ್ತಿತ್ತು. ತುಂಡಾದ ರಿಂಗನ್ನು ಕಲ್ಲಿನ ಮೇಲೆ ಬೀಳಿಸಿ ಅದರ ಸಪ್ಪಳ ಕೇಳಿದರು. ಮೂಲೆಯಲ್ಲಿದ್ದ ಒಡೆದ ಬೀಡಿನ ಕೊಳವೆಗಳನ್ನು ಒಂದೊಂದಾಗಿ ಬಡಿದು, ಅದೇ ಸಪ್ಪಳ ಕೊಡುವುದನ್ನು ಆರಿಸಿದರು. ಮೊದಲು ಮಾಡಿದ ರಿಂಗನ್ನು ಸಿಲಿಂಡರಿನೊಳಗೆ ಕೂಡಿಸಿ ಬಿಸಿಲಿಗೆ ಹಿಡಿದು ನೋಡಿದರು. ಸುತ್ತ ಎಲ್ಲಿಯೂ ಬೆಳಕು ತೂರಬಾರದು. ಒಂದು ಕಡೆ ಕೂದಲಿನಷ್ಟು ತೂರಿತು. ನನಗೆ ಅದು ಸಾಕೆನಿಸಿತು.

"ಇಷ್ಟು ನಡೀತೈತಲ್ರಿ ಉಸ್ತಾದ್ರ."

"ನಿನಗ ನಡೀತೈತಿ, ತಮ್ಮಾ. ಅದಕ್ಕ ನಡೀಬೇಕಲ್ಲ," ಎಂದು ಆ ರಿಂಗನ್ನು ಮುರಿದು ಹಾಕಿದರು.

ಮೂರು ಸಲ ಹಾಗೆ ಮುರಿದರು. ನಾಲ್ಕನೆಯ ಸಲ ಬೆಳಕು ತೂರಲಿಲ್ಲ. ಎರಡನೆಯ ರಿಂಗಿಗೆ ಮತ್ತೆ ಎರಡು ದಿನ. ಮಹಾನವಮಿಗೆ ಒಂದು ವಾರವಿದ್ದಾಗ ನಮ್ಮ ಪಡಸಾಲಿಯಲ್ಲಿ ಎಂಜಿನ್ ನಡೆಯಿತು. ಎಂಜಿನ್ನಿನ ಗಾಲಿಗೆ ಹಗ್ಗ ಸುತ್ತಿ ಮೂರನೆಯ ಸಲ ಜಗ್ಗಿದಾಗ ಹೊತ್ತಿಕೊಂಡು, ಪೆಟ್ರೋಲು ತೀರುವವರೆಗೆ ಒಂದೇ ದನಿಯಲ್ಲಿ ನಡೆಯಿತು. ಅಧ್ಯಕ್ಷರು ನೋಡಲು ಬಂದಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಅದನ್ನೂ ಬರೆಯುವುದು ನ್ಯಾಯ.

"ಇದರ ಜೀವ ಎಲ್ಲೈತೋ?" ಎಂದು ಕೇಳಿದರು.

ನಾನು ಗಾಲಿಯ ಪಕ್ಕದ ಸಣ್ಣ ಮುಚ್ಚಳದ ಕ್ಲಿಪ್ಪು ಸರಿಸಿ, ಒಳಗೆ ಒಂದಕ್ಕೊಂದು ತಾಗಿ ಬಿಡುವ ಎರಡು ಸಣ್ಣ ಪಾಯಿಂಟುಗಳನ್ನು ತೋರಿಸಿದೆ. "ಇಲ್ಲೈತ್ರಿ. ಕಿಡಿ ಹುಟ್ಟೂದು ಇಲ್ಲಿಂದ," ಎಂದೆ. ಮುಟ್ಟಬಾರದು ಎಂದು ಹೇಳಲಿಲ್ಲ. ಅದು ನನ್ನ ಮೊದಲ ತಪ್ಪು.

ನವಮಿಯ ದಿನ ವಾಚನಾಲಯದಲ್ಲಿ ಖಂಡೇ ಪೂಜೆ, ಅಂದರೆ ಆಯುಧಪೂಜೆ. ನಾನು ನರಗುಂದದಲ್ಲಿದ್ದೆ, ಜಿನ್ನಿನ ಯಂತ್ರಗಳ ಪೂಜೆಗೆ ನಾವೆಲ್ಲ ಹೋಗಲೇಬೇಕಿತ್ತು. ಮರುದಿನ, ಬನ್ನಿ ಮುಡಿಯುವ ದಿನ, ಬೆಳಗಿನ ಹತ್ತು ಗಂಟೆಗೆ ಸಮಾರಂಭ. ಉಸ್ತಾದರನ್ನು ನಾನೇ ಆಮಂತ್ರಿಸಿದ್ದೆ. ಒಗೆದ ಅಂಗಿ ತೊಟ್ಟು ಮೊದಲ ಬಸ್ಸಿಗೆ ಬಂದಿದ್ದರು. ಎಂಜಿನ್ ಸೇವಂತಿಗೆ ಮಾಲೆಗಳಲ್ಲಿ ಮುಚ್ಚಿಹೋಗಿತ್ತು. ಯಾವಗಲ್ಲಿನಿಂದಲೂ ಕೊಣ್ಣೂರಿನಿಂದಲೂ ಜನ ಬಂದಿದ್ದರು.

ಹಗ್ಗ ಜಗ್ಗಿದೆ. ಹೊತ್ತಲಿಲ್ಲ. ಹತ್ತು ಸಲ, ಹದಿನೈದು ಸಲ ಜಗ್ಗಿದೆ. ಉಸ್ತಾದರು ಮುಂದೆ ಬಂದು ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡು ಒಮ್ಮೆ ನಿಧಾನವಾಗಿ ಎಳೆದರು. ಗಾಲಿ ಅರ್ಧಕ್ಕೆ ನಿಂತು ಹಿಂದಕ್ಕೆ ಚಿಮ್ಮಿತು. "ದಮ್ಮು ಐತಿ," ಎಂದರು. ರಿಂಗು ಗಾಳಿಯನ್ನು ಬಿಡದೆ ಹಿಡಿದಿದೆ ಎಂದು ಅದರ ಅರ್ಥ. "ಕಿಡಿ ಇಲ್ಲ. ಆ ಮುಚ್ಚಳ ತಗದು ನೋಡೋಣು."

"ಪೂಜಾ ಇಳಿಸಿಲ್ಲ, ಈಗ ಬಿಚ್ಚೂ ಹಂಗಿಲ್ಲ," ಎಂದರು ಅಧ್ಯಕ್ಷರು.

"ಮುಟ್ಟಿದ್ದು ಸಾಕ್ರಿ," ಎಂದರು ಕಾರ್ಯದರ್ಶಿಗಳು, ಎಲ್ಲರಿಗೂ ಕೇಳುವ ಹಾಗೆ. "ಕುಡಗೋಲು ಬಡಿಯೋ ಕೈಯಾಗ ವಿಲಾಯ್ತಿ ಎಂಜಿನ್ ಕೊಟ್ರ ಹಿಂಗ ಆಗತೈತಿ."

ಕೆಲವರು ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಗೊತ್ತಿದೆ. ಉಸ್ತಾದರು ಹಗ್ಗವನ್ನು ಮಡಿಚಿ ಎಂಜಿನ್ನಿನ ಪಕ್ಕದಲ್ಲಿಟ್ಟರು. ಬಿಚ್ಚಲು ಬಿಡಿರೆಂದು ನಾನು ಎರಡು ಸಲ ಕೇಳಿದೆ. ಮೂರನೆಯ ಸಲ ಕೇಳಲಿಲ್ಲ. ಅದು ನನ್ನ ಎರಡನೆಯ ತಪ್ಪು. ಅಂದೇ ಮಧ್ಯಾಹ್ನ ನಡಾವಳಿ ಪುಸ್ತಕದಲ್ಲಿ ಆ ವಾಕ್ಯ ಬಿತ್ತು.

ಏಳನೆಯ ದಿನ ವಾಚನಾಲಯದ ಕೀಲಿ ನನಗೆ ಸಿಕ್ಕಿತು. ಕಾರ್ಯದರ್ಶಿಗಳನ್ನು ಕರೆಸಿ, ಕುರ್ಚಿ ಹಾಕಿ ಕೂಡಿಸಿ, ಅವರೆದುರಿಗೆ ಮುಚ್ಚಳ ತೆಗೆದೆ. ಒಳಗೆ ಮೂರು ಬೆರಳಿನ ವಿಭೂತಿ ಅಚ್ಚುಕಟ್ಟಾಗಿ ಎಳೆದಿತ್ತು. ಅದರ ನಡುವೆ, ಎರಡು ಪಾಯಿಂಟುಗಳು ತಾಗುವ ಸರಿಯಾದ ಜಾಗದಲ್ಲಿ, ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು. ಒಂದು ಸೇವಂತಿಗೆಯ ಎಸಳು. ಜೀವವಿರುವ ಜಾಗಕ್ಕೆ ಅಧ್ಯಕ್ಷರು ಪೂಜೆ ಮಾಡಿದ್ದರು. ಅವರ ಭಕ್ತಿಯಲ್ಲಿ ಕಪಟವಿರಲಿಲ್ಲ. ನನ್ನ ದೂರು ಭಕ್ತಿಯ ಮೇಲಲ್ಲ. ಪೆಟ್ರೋಲಿನ ಅರಿವೆಯಿಂದ ಒರೆಸಿ ಹಗ್ಗ ಜಗ್ಗಿದೆ. ಎರಡನೆಯದಕ್ಕೆ ಹೊತ್ತಿತು.

"ಮಾಸ್ತರ್ರ, ಪುಸ್ತಕದಾಗಿಂದು ತಿದ್ರಿ," ಎಂದೆ.

"ಪೂಜಾ ಮಾಡಿದ್ದಕ್ಕ ಕೆಟ್ಟಿತು ಅಂತ ಬರಿಯಲೇನು?"

"ಪೂಜಾದ ಮಾತು ಬ್ಯಾಡ್ರಿ. ರಿಂಗು ಚಲೋ ಅದಾವು ಅಂತ ಬರೀರಿ, ಸಾಕು."

"ಹಂಗಾರ ಯಾಕ ಕೆಟ್ಟಿತ್ತು ಅಂತ ಕೇಳತಾರ. ನಡೀತಲ್ಲ ಈಗ, ಬಿಡು."

ಅಲ್ಲಿಂದ ಅಧ್ಯಕ್ಷರ ಮನೆಗೆ ಹೋದೆ. ಅವರು ಎಲ್ಲ ಕೇಳಿ, "ಜೀವ ಇಲ್ಲೈತಿ ಅಂತ ತೋರಿಸಿದವ ನೀನ ಅಲ್ಲೇನು?" ಎಂದರು.

"ಹೌದ್ರಿ. ಹಂಗಾರ ಮಿಸ್ತ್ರಿದು ತಪ್ಪು ಅಂತ ನನ್ನ ಹೆಸರಿಲೆ ಬರೀರಿ. ಉಸ್ತಾದ್ರ ಮ್ಯಾಲಿಂದು ತಗೀರಿ."

ಅದನ್ನೂ ಅವರು ಮಾಡಲಿಲ್ಲ. ವರ್ಷದ ಸಭೆಯಲ್ಲಿ ನಡಾವಳಿಯನ್ನು ಓದುವ ಪದ್ಧತಿಯಿತ್ತು. ಹಿಂದಿನ ಕೋಣೆಯಲ್ಲಿ ಅದೇ ಎಂಜಿನ್ ನಡೆಯುತ್ತಿರುವಾಗ, ಅದು ತುಂಬಿದ ಬ್ಯಾಟರಿಯಿಂದ ಸುದ್ದಿ ಕೇಳಿದ ಜನರೆದುರಿಗೆ, ಆ ವಾಕ್ಯವನ್ನು ಇದ್ದ ಹಾಗೆ ಓದಿದರು. ಕೊಣ್ಣೂರಿನ ಪಂಪುಗಳು ರಿಪೇರಿಗೆ ಬೇರೆ ಊರಿಗೆ ಹೋಗತೊಡಗಿದವು. ನಮ್ಮ ಜಿನ್ನಿನ ಒಂದು ಕೆಲಸವನ್ನು ಉಸ್ತಾದರಿಗೆ ಕೊಡಿಸಲು ಹೋದೆ. "ನಿಮ್ಮ ಊರಾಗ ಬರದಿಟ್ಟಾರಂತಲ್ಲಪಾ," ಎಂದರು ಮ್ಯಾನೇಜರರು.

ಎಂಜಿನ್ ಹೊತ್ತಿದ ಮರುದಿನವೇ ನಾನು ಗಜೇಂದ್ರಗಡಕ್ಕೆ ಹೋಗಿ ಉಸ್ತಾದರಿಗೆ ಎಲ್ಲ ಹೇಳಿದ್ದೆ. ಅವರು ಲೇತ್ ನಿಲ್ಲಿಸಿ ಕೇಳಿದರು.

"ಎಷ್ಟನೇ ಸಲಕ್ಕ ಹತ್ತಿತು?"

"ಎರಡನೇದಕ್ಕ."

"ಕುಂಕುಮ ಹಚ್ಚಿ ಅದಕ್ಕ ಮಾನ ಮಾಡ್ಯಾರ, ಬಿಡು," ಎಂದು ನಕ್ಕರು. ಆಮೇಲೆ ನಗೆ ಬಿಟ್ಟು, "ಅವರು ಬಂದು ಹೇಳತಾರೇನು?" ಎಂದು ಕೇಳಿದರು.

"ಬರತಾರ್ರಿ," ಎಂದೆ. ಹಾಗೆ ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ಅದು ಮೂರನೆಯದು.

ಅದಾದ ಮೇಲೆ ನಾನು ಗಜೇಂದ್ರಗಡದಲ್ಲಿ ಬಸ್ಸಿಳಿದಾಗಲೆಲ್ಲ ಉಸ್ತಾದರು ಅಂಗಡಿಯೊಳಗಿಂದ ತಲೆಯೆತ್ತುತ್ತಿದ್ದರು. ಮೊದಲು ನನ್ನನ್ನು ನೋಡುತ್ತಿದ್ದರು. ಆಮೇಲೆ ನನ್ನ ಹಿಂದೆ ಇಳಿಯುವವರನ್ನು ಕೊನೆಯವನ ತನಕ ನೋಡುತ್ತಿದ್ದರು. ಬಾಯಿಬಿಟ್ಟು ಒಮ್ಮೆಯೂ ಕೇಳಲಿಲ್ಲ. ಒಂದು ಬೇಸಿಗೆಯಲ್ಲಿ ಹೋದಾಗ ಅಂಗಡಿ ಮುಚ್ಚಿತ್ತು. ತೀರಿಕೊಂಡು ಹದಿನೈದು ದಿನವಾಗಿತ್ತು.

ರೋಣಕ್ಕೆ ವಿದ್ಯುತ್ತು ಬರುವವರೆಗೂ ಆ ಎಂಜಿನ್ ನಡೆಯಿತು. ಕೊನೆಗೆ ಅದನ್ನು ಬಿಚ್ಚಿದವನೂ ನಾನೇ. ರಿಂಗುಗಳನ್ನು ಸಿಲಿಂಡರಿನಲ್ಲಿ ಕೂಡಿಸಿ ಬಿಸಿಲಿಗೆ ಹಿಡಿದೆ. ಅಷ್ಟು ವರ್ಷ ನಡೆದು ಸವೆದಿದ್ದರೂ ಬೆಳಕು ತೂರಲಿಲ್ಲ. ಅದನ್ನು ಕಾರ್ಯದರ್ಶಿಗಳ ಮನೆಗೆ ಒಯ್ದು ತೋರಿಸಿದೆ. ಕನ್ನಡಕ ಇಲ್ಲ ಎಂದರು.

ಅಧ್ಯಕ್ಷರು ಈಗಿಲ್ಲ. ಆ ವಾಕ್ಯವನ್ನು ಉಳಿಸಿಕೊಂಡ ವಾಚನಾಲಯದ ಮಂಡಳಿಯ ಐವರಲ್ಲಿ ನೀವು ಇಬ್ಬರು ಇದ್ದೀರಿ, ಕಾರ್ಯದರ್ಶಿಗಳೂ ಸೇರಿ. ಇದನ್ನು ನೀವು ಓದುತ್ತೀರೆಂದು ನನಗೆ ಗೊತ್ತು. ಪುಸ್ತಕವನ್ನು ತಿದ್ದುವುದು ನಿಮಗೆ ಕಷ್ಟವಾಗಿತ್ತು, ಒಪ್ಪಿದೆ. ಆದರೆ ರೋಣದಿಂದ ಗಜೇಂದ್ರಗಡಕ್ಕೆ ಆಗಲೂ ದಿನವೂ ಬಸ್ಸು ಹೋಗುತ್ತಿತ್ತು. ನೀವಿಬ್ಬರೂ ಮದುವೆಗೂ ಸಂತೆಗೂ ಅದರಲ್ಲಿ ಹೋಗಿ ಆ ಅಂಗಡಿಯೆದುರಿಗೇ ಇಳಿದಿದ್ದೀರಿ. ಪುಸ್ತಕವಿಲ್ಲದೆ, ಸಾಕ್ಷಿಯಿಲ್ಲದೆ, ರಸ್ತೆ ದಾಟಿ ಆ ಮುದುಕರಿಗೆ "ನಿಮ್ಮ ರಿಂಗು ಚಲೋ ಇದ್ದವ್ರಿ" ಎಂದು ಒಂದು ಮಾತು ಹೇಳುವುದಕ್ಕೆ ನಿಮಗೆ ಏನು ಅಡ್ಡಿಯಾಗಿತ್ತು?