ಏಳು ಒಂದುಗಳ ಸಂಖ್ಯೆ

ಗೌರಕ್ಕಾ, ಇನ್ನೂರ ಮೂವತ್ತೊಂಬತ್ತರಿಂದ ಭಾಗ ಹೋಗುವುದಿಲ್ಲ ಎಂದು ನಾನು ಅಂದು ಹೇಳಿದ್ದು ಸುಳ್ಳು. ಹೋಗಿತ್ತು. ಶೇಷ ಸೊನ್ನೆ ಬಂದದ್ದನ್ನು ಕಣ್ಣಾರೆ ಕಂಡು, ಅಂಗಿಯ ತುದಿಯಿಂದ ಪಾಟಿ ಒರೆಸಿಬಿಟ್ಟೆ.

ನೆನಪಿದೆಯಲ್ಲ — ನಿಜಾಮರ ಕಾಲ, ತಾವರಗೇರಾ ಹಾದಿಯ ನಮ್ಮ ಎರೆಹೊಲ. ಜೋಳ ಹಾಲುಗಾಳಾಗಿತ್ತು. ಹಕ್ಕಿ ಕಾಯಲೆಂದು ಅಪ್ಪ ನಿನಗೆ ಸಾಲೆ ಬಿಡಿಸಿ ಅಟ್ಟಣಿಗೆ ಹತ್ತಿಸಿದ್ದ. ಮಾಸ್ತರರು ಹೊಲಕ್ಕೇ ಬಂದು ನಿನ್ನ ಪಾಟಿಯ ಮೇಲೆ ಏಳು ಒಂದುಗಳನ್ನು ಸಾಲಾಗಿ ಬರೆದರು — ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರಾ ಹನ್ನೊಂದು.

"ಇದು ಯಾವುದರಿಂದ ಒಡೀತೈತಿ ಹುಡುಕವಾ. ಹುಡುಕಿದ್ರ, ಈ ಹುಡುಗೀನ ಮತ್ತ ಸಾಲಿಗೆ ಕಳಸ್ರಿ ಅಂತ ನಿಮ್ಮಪ್ಪಗ ನಾನ ಹೇಳತೀನಿ."

ಸಾಲೆ ಬಿಟ್ಟ ಮೇಲೆ ನಾನೂ ಬಂದು ಕೂಡುತ್ತಿದ್ದೆ. ತಾವೇ ಒಡೆಯದ ಸಂಖ್ಯೆಗಳಿಂದಷ್ಟೇ ಭಾಗಿಸುವುದು: ಎರಡು ನಿನಗೆ, ಮೂರು ನನಗೆ, ಐದು ನಿನಗೆ, ಏಳು ನನಗೆ... ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿರುಗಿ ನೋಡಬಾರದು — ಆ ಕರಾರು ನಿನ್ನದೇ. ನಡುವೆ ನೀನು ಎದ್ದು ಕವಣೆ ಬೀಸುತ್ತಿದ್ದೆ. ಗಿಳಿಗಳಿಗೆ ನೀನು ಬೈಯುವುದನ್ನು ಕೇಳಿ ನಾನು ಬಿದ್ದು ಬಿದ್ದು ನಗುತ್ತಿದ್ದೆ. ತೆನೆ ಸುಟ್ಟು ಸೀತನಿ ಮಾಡಿದರೆ ದೊಡ್ಡ ಪಾಲು ನನಗೇ. ಅಷ್ಟು ಸುಖವಾಗಿ ನಾನು ಮತ್ತೆಂದೂ ಲೆಕ್ಕ ಮಾಡಲಿಲ್ಲ.

"ಹೋತೇನೋ ತಮ್ಮಾ?" ಎಂದು ಕೇಳಿದೆ ನೀನು, ಇನ್ನೂರ ಮೂವತ್ತೊಂಬತ್ತು ನನ್ನ ಪಾಲಿಗೆ ಬಂದಾಗ.

"ಹೋಗಂಗಿಲ್ಲ."

ಆ ಒಂದು ಮಾತು... ಅಪ್ಪ ಇಬ್ಬರನ್ನೂ ಓದಿಸಲಾರ ಎಂಬ ಹೆದರಿಕೆ ಎನ್ನಲೇ? ಅಲ್ಲ. ಲೆಕ್ಕದಲ್ಲಿ ನೀನು ನನಗಿಂತ ಮುಂದಿದ್ದೆ, ಅದನ್ನು ನನ್ನಿಂದ ಸಹಿಸಲಾಗಲಿಲ್ಲ — ಬರೀ ಹೊಟ್ಟೆಕಿಚ್ಚು. ಮರುದಿನ ಮಾಸ್ತರರ ಮುಂದೆ ನಿಂತು, ನಾನೊಬ್ಬನೇ ಒಡೆದೆನೆಂದೆ: ಇನ್ನೂರ ಮೂವತ್ತೊಂಬತ್ತನ್ನು ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತರಿಂದ ಗುಣಿಸಿದರೆ ಅದೇ ಸಂಖ್ಯೆ. ಅವರು ಬೆನ್ನು ತಟ್ಟಿದರು. ನಿನಗೆ ನಾನೇ ಹೇಳುತ್ತೇನೆಂದು ಅವರಿಗೆ ಮಾತು ಕೊಟ್ಟೆ; ಹೇಳಲಿಲ್ಲ. ಅಪ್ಪನಿಗೆ ಹೇಳಿ ನನ್ನನ್ನು ಕುಷ್ಟಗಿಗೆ ಓದಲು ಕಳಿಸಿದರು. ನೀನು ಅಟ್ಟಣಿಗೆಯ ಮೇಲೆ ಭಾಗಿಸುತ್ತಲೇ ಉಳಿದೆ. ಸುಗ್ಗಿ ಮುಗಿಯುತ್ತಲೇ ನಿನ್ನನ್ನು ಯಲಬುರ್ಗಾಕ್ಕೆ ಕೊಟ್ಟರು.

ಮೊನ್ನೆ ನಾನು ನಿನ್ನ ಮನೆಗೆ ಬಂದಾಗ ನೀನು ಮೊಮ್ಮಗಳಿಗೆ ಅದೇ ಏಳು ಒಂದುಗಳನ್ನು ತೋರಿಸುತ್ತಿದ್ದೆ.

"ಇದು ಒಡಿಯಂಗಿಲ್ಲವಾ. ಮದುವಿ ಆದಮ್ಯಾಲೂ ರೊಟ್ಟಿ ಹಿಟ್ಟಿನ ಮ್ಯಾಲ ಬೆರಳಿಲೆ ಬರದು ಬರದು ಕಡೀತನಕ ನೋಡೀನಿ. ಮೊದಲಿನ ಸಂಖ್ಯೆದಾಗ ಅರ್ಧ ನಮ್ಮ ತಮ್ಮ ನೋಡ್ಯಾನ. ಅವ ತಪ್ಪಾಂವಲ್ಲ."

ಹೇಳಿ, ನನ್ನ ಕಡೆ ನೋಡಿ ನಕ್ಕೆ. ನಾನು ಹೌದೆಂದು ತಲೆಯಾಡಿಸಿದೆ — ಈ ವಯಸ್ಸಿನಲ್ಲೂ.

ಬರೆದು ಕೈತೊಳೆದುಕೊಳ್ಳುವುದಿಲ್ಲ ಅಕ್ಕಾ. ಪಾಟಿ ಹಿಡಿದುಕೊಂಡು ಯಲಬುರ್ಗಾಕ್ಕೆ ಬರುತ್ತೇನೆ. ಮೊಮ್ಮಗಳನ್ನೂ ಪಕ್ಕಕ್ಕೆ ಕೂಡಿಸಿಕೋ. ಅವತ್ತು ನನ್ನ ಪಾಲಿಗೆ ಬಂದಿದ್ದ ಭಾಗಾಕಾರವನ್ನು ಈಗ ನೀನು ಮಾಡು. ಶೇಷ ಎಷ್ಟೆಂದು ಅವಳಿಗೆ ನೀನು ಹೇಳು. ಸುಳ್ಳು ಯಾರದೆಂದು ನಾನು ಹೇಳುತ್ತೇನೆ.